ಕಸ ಗುಡಿಸೋ ರೋಬೋಟ್‌ನ ಕಸ ತೆಗೆಯೋರು ಯಾರು?

ಹಬ್ಬದ ಸೇಲ್ ಶುರುವಾಯ್ತು ಅಂದ್ರೆ ಸಾಕು, ಒಂದು ದುಂಡನೆಯ ಯಂತ್ರದ ಜಾಹೀರಾತು ಫೋನ್ ತುಂಬಾ ಓಡಾಡುತ್ತೆ. ರೋಬೋಟ್ ವ್ಯಾಕ್ಯೂಮ್ ಕ್ಲೀನರ್. ಪೊರಕೆ ಹಿಡಿಯೋದು ಬೇಡ, ಸೊಂಟ ಬಗ್ಗಿಸೋದು ಬೇಡ, ಬಟನ್ ಒತ್ತಿದ್ರೆ ಮನೆ ಕ್ಲೀನ್. ಜೊತೆಗೆ ದಪ್ಪಕ್ಷರದಲ್ಲಿ ಒಂದು ನಂಬರ್. ಒಬ್ಬರದ್ದು 5,000 ಪಾಸ್ಕಲ್, ಪಕ್ಕದವರದ್ದು 10,000 ಪಾಸ್ಕಲ್. ನಂಬರ್ ದೊಡ್ಡದಿದ್ರೆ ಯಂತ್ರ ಒಳ್ಳೇದು ಅಂತ ನಾವು ಅಂದ್ಕೊಂಡು ದುಡ್ಡು ಕೊಡ್ತೀವಿ. ಆದರೆ ನಾವು ಕೇಳಬೇಕಾದ ಪ್ರಶ್ನೆ ಅದಲ್ಲ.

ಮೊದಲು ಈ ಪಾಸ್ಕಲ್ ಅಂದ್ರೇನು? ಅದು ಹೀರುವ ಒತ್ತಡದ ಅಳತೆ, ಅಷ್ಟೇ. ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವಾಗ ಗಂಜಿ ಬಂದು ಸಿಕ್ಕಿಕೊಂಡ್ರೆ ಏನಾಗುತ್ತೆ? ಕೆನ್ನೆ ಒಳಗೆ ಹೋಗುವಷ್ಟು ಜೋರಾಗಿ ಎಳೀತೀರಿ. ಒತ್ತಡ ಭರ್ಜರಿ, ಬಾಯಿಗೆ ಹನಿ ನೀರೂ ಬರಲ್ಲ. ಕಸ ಎತ್ತೋದು ಒತ್ತಡ ಒಂದೇ ಅಲ್ಲ, ಹರಿಯುವ ಗಾಳಿಯೂ ಬೇಕು. ಫಿಲ್ಟರ್‌ನಲ್ಲಿ ರಂಗೋಲಿ ಪುಡಿ, ಸಿಮೆಂಟ್ ಧೂಳು ಕಟ್ಟಿಕೊಂಡ ದಿನ 10,000 ಪಾಸ್ಕಲ್ ಡಬ್ಬದ ಮೇಲಷ್ಟೇ ಇರುತ್ತೆ.

ಈ ಯಂತ್ರದ ಶಕ್ತಿ ಎಷ್ಟು ಅಂತಲೂ ಲೆಕ್ಕ ಹಾಕೋಣ. ಯುರೋಪ್ ಒಕ್ಕೂಟ 2017ರಲ್ಲಿ ವೈರ್ ಇರುವ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ಒಂದು ಮಿತಿ ಹಾಕಿತು. ಎಷ್ಟು? 900 ವ್ಯಾಟ್. ಈಗ ರೋಬೋಟ್ ನೋಡಿ. 14.4 ವೋಲ್ಟ್, 5,200 ಎಂಎಎಚ್ ಬ್ಯಾಟರಿ ಇದೆ ಅಂದ್ಕೊಳ್ಳಿ. ಅದರಲ್ಲಿರೋದು ಸುಮಾರು 75 ವ್ಯಾಟ್-ಅವರ್. ಎರಡು ಗಂಟೆ ಓಡಬೇಕಾದ್ರೆ ಚಕ್ರ, ಬ್ರಷ್, ಸೆನ್ಸರ್, ಮೋಟಾರ್ ಎಲ್ಲ ಸೇರಿ 40 ವ್ಯಾಟ್ ಕೂಡ ಬಳಸೋ ಹಾಗಿಲ್ಲ. ಅಂದ್ರೆ ಬಲದಿಂದ ಗೆಲ್ಲೋ ಯಂತ್ರವೇ ಇದಲ್ಲ. ಗೆಲ್ಲೋದಿದ್ರೆ ವಿನ್ಯಾಸದಿಂದಲೇ ಗೆಲ್ಲಬೇಕು. ಬ್ರಷ್ ನೆಲಕ್ಕೆ ಸರಿಯಾಗಿ ತಾಗಬೇಕು, ಗಾಳಿ ಸೋರಬಾರದು, ಬ್ರಷ್‌ನಿಂದ ಕಸದ ಡಬ್ಬದವರೆಗಿನ ದಾರಿ ಕಟ್ಟಿಕೊಳ್ಳಬಾರದು. ಮತ್ತೆ ಈ ಮೂರೂ ಮೊದಲ ದಿನ ಮಾತ್ರ ಅಲ್ಲ, ಇನ್ನೂರನೇ ದಿನವೂ ಹಾಗೇ ಇರಬೇಕು.

ಇನ್ನೂರನೇ ದಿನ ಹೀಗೇ ಇರದಂತೆ ಮಾಡೋರು ಯಾರು? ಮೊದಲನೇ ಶತ್ರು, ತಲೆಕೂದಲು. ಉದ್ದ ಕೂದಲು ರೋಲರ್‌ಗೆ ಸುತ್ತಿಕೊಳ್ಳುತ್ತೆ, ಮೆಲ್ಲಗೆ ತುದಿಗೆ ಸರಿದು ಬೇರಿಂಗ್ ಒಳಗೆ ನುಗ್ಗುತ್ತೆ. ಘರ್ಷಣೆ ಹೆಚ್ಚುತ್ತೆ, ಮೋಟಾರ್ ಬಿಸಿಯಾಗುತ್ತೆ, ಬ್ಯಾಟರಿ ಬೇಗ ಇಳಿಯುತ್ತೆ. ನಾವು ಅಂತೀವಿ, ಯಾಕೋ ಮಷಿನ್ ಹಳೇದಾಯ್ತು ಅಂತ. ಹಳೇದಾಗಿಲ್ಲ ಸ್ವಾಮಿ, ಅದಕ್ಕೆ ಉಸಿರು ಕಟ್ಟಿದೆ!

ಅಮೆರಿಕದ ಐರೋಬೋಟ್ ಕಂಪನಿ ತನ್ನ ರೂಂಬಾ ಯಂತ್ರವನ್ನು ಮಾರುಕಟ್ಟೆಗೆ ತಂದಿದ್ದು 2002ರಲ್ಲಿ. ಮೊದಮೊದಲು ಅದಕ್ಕೆ ಪೊರಕೆಯಂಥ ಎಳೆಗಳ ಬ್ರಷ್ ಇತ್ತು. 2013ರಲ್ಲಿ ಬಂದ 800 ಸರಣಿಯಲ್ಲಿ ಆ ಎಳೆಗಳನ್ನೇ ತೆಗೆದು ಎರಡು ರಬ್ಬರ್ ರೋಲರ್ ಕೂರಿಸಿದರು. ಕೂದಲು ಸುತ್ತಿಕೊಳ್ಳೋದು ಕಡಿಮೆಯಾಯ್ತು, ಸುತ್ತಿಕೊಂಡರೂ ಬಿಡಿಸೋದು ಸುಲಭವಾಯ್ತು. ನಿರ್ವಹಣೆ ಸುಲಭ ಮಾಡೋಕೆ ಹೋಗಿದ್ದು ಕೆಲಸದ ಗುಣಮಟ್ಟವನ್ನೂ ಕಾಪಾಡಿತು. ಎರಡೂ ಬೇರೆ ಬೇರೆ ಅಲ್ಲವೇ ಅಲ್ಲ.

ಎರಡನೇ ಶತ್ರು, ಸೆನ್ಸರ್ ಮೇಲಿನ ಧೂಳು. ಮೆಟ್ಟಿಲಿಂದ ಬೀಳದಿರಲಿ ಅಂತ ಯಂತ್ರದ ಹೊಟ್ಟೆಯ ಕೆಳಗೆ ಇನ್ಫ್ರಾರೆಡ್ ಸೆನ್ಸರ್ ಇರುತ್ತೆ. ನೆಲಕ್ಕೆ ಬೆಳಕು ಬಿಡುತ್ತೆ, ವಾಪಸ್ ಬಂದ್ರೆ ನೆಲ ಇದೆ ಅಂತ ಅರ್ಥ. ಧೂಳು ಮುಚ್ಚಿದರೆ ಬೆಳಕು ಬರಲ್ಲ. ಮುಂದೆ ಪ್ರಪಾತ ಇದೆ ಅಂತ ಅದು ಹಾಲ್ ನಡುವೆ ನಿಂತುಬಿಡುತ್ತೆ. ಒಣಬಟ್ಟೆಯಲ್ಲಿ ಒರೆಸಿದ್ರೆ ಮುಗೀತು. ಆದರೆ ಅದನ್ನ ನಮಗೆ ಹೇಳೋರು ಯಾರು? ಸರ್ವಿಸ್ ಸೆಂಟರ್‌ಗೆ ಫೋನ್ ಹೋಗುತ್ತೆ, ಬಿಲ್ ಬರುತ್ತೆ.

ಮೂರನೆಯದು ಬ್ಯಾಟರಿ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಅದಕ್ಕೆ ಆಯಸ್ಸು ಇಷ್ಟೇ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕೈಗೆ ಬರಬೇಕು. ರೂಂಬಾ 2007ರ 500 ಸರಣಿಯಲ್ಲಿ ಚಕ್ರ, ಬ್ರಷ್ ಪೆಟ್ಟಿಗೆ, ಸೈಡ್ ಬ್ರಷ್‌ನ ಮೋಟಾರ್ ಎಲ್ಲವನ್ನೂ ಬಿಡಿ ಬಿಡಿ ಭಾಗ ಮಾಡಿತ್ತು. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಮನೆಯ ಮಿಕ್ಸಿ ಜಾರ್ ಬುಶ್ ಸವೆದರೆ ನಾವು ಮಿಕ್ಸಿಯನ್ನೇ ಎಸೀತೀವಾ? ಇಲ್ಲ ತಾನೇ?

ಈಗ ಬರೋಣ ಸ್ಕ್ರೂಡ್ರೈವರ್‌ಗೆ ಸಿಗದ ರಿಪೇರಿಗೆ. ಅಮೆರಿಕದ ನೀಟೋ ಅನ್ನೋ ಕಂಪನಿ 2010ರಲ್ಲೇ ಲೇಸರ್‌ನಿಂದ ಮನೆಯ ನಕ್ಷೆ ಬರೆಯುವ ರೋಬೋಟ್ ಮಾರಿತ್ತು. ಜರ್ಮನಿಯ ಫೋರ್‌ವೆರ್ಕ್ ಅದನ್ನು 2017ರಲ್ಲಿ ಕೊಂಡಿತು, 2023ರಲ್ಲಿ ಬಾಗಿಲು ಮುಚ್ಚಿತು. ಕನಿಷ್ಠ ಐದು ವರ್ಷ ಕ್ಲೌಡ್ ಸೇವೆ ಕೊಡ್ತೀವಿ ಅಂತ ಗ್ರಾಹಕರಿಗೆ ಭರವಸೆ ಸಿಕ್ಕಿತ್ತು. 2025ರಲ್ಲೇ ಸೇವೆ ನಿಂತುಹೋಯಿತು. ಯಂತ್ರದ ಮೇಲಿನ ಬಟನ್ ಒತ್ತಿದರೆ ಗುಡಿಸುತ್ತೆ, ಆದರೆ ಆ್ಯಪ್ ಸತ್ತಿದೆ. ಮೋಟಾರ್ ಗಟ್ಟಿಮುಟ್ಟು, ಚಕ್ರ ಸರಿ ಇದೆ, ಆದರೂ ದುಡ್ಡು ಕೊಟ್ಟು ಕೊಂಡ ಅರ್ಧ ಸೌಲಭ್ಯ ಮಾಯ! ಐರೋಬೋಟ್ ಕೂಡ 2025ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ದೊಡ್ಡ ಹೆಸರು ಅನ್ನೋದೇ ಗ್ಯಾರಂಟಿ ಅಲ್ಲ.

ನಮ್ಮ ದೇಶದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಒಳ್ಳೆ ಹೆಜ್ಜೆಯೇ. ಆದರೆ ಪೋರ್ಟಲ್‌ನಲ್ಲಿ ಮಾಹಿತಿ ಇರೋದು ಬೇರೆ, ಊರಲ್ಲಿ ಬಿಡಿಭಾಗ ಸಿಗೋದು ಬೇರೆ.

ಹಾಗಾಗಿ ಅಂಗಡಿಗೆ ಹೋದಾಗ ಪಾಸ್ಕಲ್ ಎಷ್ಟು ಅಂತ ಕೇಳುವ ಮೊದಲು ಈ ನಾಲ್ಕು ಕೇಳಿ. ರೋಲರ್ ಬರಿಗೈಯಲ್ಲಿ ಬಿಚ್ಚೋಕಾಗುತ್ತಾ? ಫಿಲ್ಟರ್ ತೊಳೆಯಬಹುದಾ, ಹೊಸದಕ್ಕೆ ಎಷ್ಟು? ಬ್ಯಾಟರಿ ಬಿಡಿಯಾಗಿ ಸಿಗುತ್ತಾ? ಇಂಟರ್‌ನೆಟ್ ಇಲ್ಲದಿದ್ರೆ ಇದು ಏನೇನು ಕೆಲಸ ಮಾಡುತ್ತೆ? ಅಲ್ಲೇ ಡೆಮೊ ಪೀಸ್ ತಲೆಕೆಳಗು ಮಾಡಿಸಿ, ರೋಲರ್ ನೀವೇ ಬಿಚ್ಚಿ ನೋಡಿ. ಬಿಚ್ಚೋಕೆ ಬಿಡಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗಿ. ದುಡ್ಡು ನಿಮ್ಮದು, ಅವಸರ ಅವರದ್ದು.