ಅಂಗಡಿಕಾರನಿಲ್ಲದ ಅಂಗಡಿ

ಕಾಲುವೆಯು ದಂಡೆ ತುಂಬಿ ಹರಿಯುತ್ತಿರುವಾಗ ಅದರ ಮಗ್ಗುಲಲ್ಲಿಯೇ ಇರುವ ಊರಿನವರು ಕುಡಿಯುವ ನೀರನ್ನು ಹಣ ಕೊಟ್ಟು ತರುವರೆಂದರೆ ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಆದರೆ ಘಟಪ್ರಭೆಯ ಸೀಮೆಯಲ್ಲಿ ಇಂದು ಇದು ನಿತ್ಯದ ಮಾತಾಗಿದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು, ಗೋಕಾಕ ತಾಲೂಕಿನ ಧೂಪದಾಳದಲ್ಲಿ ಹಳೆಯ ಒಡ್ಡು, ಅಲ್ಲಿಂದ ಮೂಡಲಗಿಯ ಸೀಮೆಗೆ ಹರಿದ ಕಾಲುವೆ. ಇವುಗಳಿಂದ ಕಬ್ಬು ಬೆಳೆಯಿತು, ಊರುಗಳೂ ಬೆಳೆದವು. ಆದರೆ ಎರೆಯ ಭೂಮಿಗೆ ಅಳತೆ ಮೀರಿ ನೀರುಣಿಸಿದರೆ ಸವಳು ಮೇಲೇರುವುದೆಂಬುದನ್ನು ಒಕ್ಕಲಿಗರೆಲ್ಲರೂ ಬಲ್ಲರು. ಅಂಥಲ್ಲಿ ಕೊಳವೆ ಬಾವಿಯ ನೀರು ಬಾಯಿಗೆ ರುಚಿಸುವುದಿಲ್ಲ. ಅದರಲ್ಲಿ ಬೇಳೆಯೂ ಬೇಯುವುದಿಲ್ಲ. ಈ ಕೊರತೆಯನ್ನು ನೀಗಲೆಂದೇ ನಮ್ಮ ನಾಡಿನ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿದವು. ಚಿಕ್ಕದೊಂದು ಕೋಣೆ, ಗೋಡೆಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಸೀಳು. ಸೀಳಿನಲ್ಲಿ ನಾಣ್ಯ ಹಾಕಿದರೆ ಕೊಡಕ್ಕೆ ನೀರು ಬೀಳುವುದು. ಮಾರುವವನೊಬ್ಬನೂ ಅಲ್ಲಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಾವು ಮೂಡಲಗಿಯ ಕಡೆಯ ಒಂದು ಹಳ್ಳಿಗೆ ಬೀಗರ ಮನೆಗೆಂದು ಹೋಗಿದ್ದೆವು. ಸಂಜೆಯ ಹೊತ್ತು, ಘಟಕದ ಮುಂದೆ ಕೊಡಗಳ ಸಾಲು. ವಯಸ್ಸಾದ ತಾಯಿಯೊಬ್ಬಳು ಸೆರಗಿನ ಗಂಟು ಬಿಚ್ಚಿ, ಐದು ರೂಪಾಯಿಯ ನಾಣ್ಯವನ್ನು ತೆಗೆದು ಸೀಳಿನಲ್ಲಿ ಹಾಕಿದಳು. ನಾಣ್ಯವು ಒಳಗಿಳಿದ ಸಪ್ಪಳ ಕೇಳಿಸಿತು, ನೀರು ಬರಲಿಲ್ಲ. ಎರಡನೆಯ ನಾಣ್ಯಕ್ಕೂ ಅದೇ ಗತಿಯಾಯಿತು. "ರೊಕ್ಕ ನುಂಗತೈತಿ, ನೀರ ಮಾತ್ರ ಬಿಡವಲ್ದು ನೋಡ್ರಿ" ಎಂದು ಆಕೆ ನಮ್ಮ ಕಡೆಗೆ ತಿರುಗಿ ನುಡಿದಳು. ಹತ್ತು ರೂಪಾಯಿ ದೊಡ್ಡ ಮೊತ್ತವಲ್ಲವೆಂದು ಕೆಲವರು ಅನ್ನಬಹುದು. ಆದರೆ ಅಂಗಡಿಕಾರನು ತಪ್ಪಿದರೆ ಅವನೊಡನೆ ಜಗಳಾಡಬಹುದು. ನಾಲ್ಕು ಜನರ ಮುಂದೆ ನ್ಯಾಯ ಕೇಳಬಹುದು. ಪೆಟ್ಟಿಗೆಯೊಡನೆ ಜಗಳವಾಡುವುದು ಹೇಗೆ? ಬರಿಗೊಡದೊಡನೆ ಮನೆಗೆ ಮರಳುವುದೊಂದೇ ದಾರಿ. ಆದುದರಿಂದ ಈ ಪೆಟ್ಟಿಗೆಯ ಒಳಗುಟ್ಟನ್ನು ಗೃಹಸ್ಥರೆಲ್ಲರೂ ಸ್ವಲ್ಪಮಟ್ಟಿಗಾದರೂ ಅರಿತಿರುವುದು ಒಳಿತೆಂದು ನಮಗೆ ತೋರಿತು.

ಇದು ಹೊಸಗಾಲದ ಹಂಚಿಕೆಯೆಂದು ವಾಚಕರು ಎಣಿಸಬಾರದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಈಜಿಪ್ತದ ಅಲೆಗ್ಝಾಂಡ್ರಿಯಾ ಪಟ್ಟಣದಲ್ಲಿ ಹೀರೋ ಎಂಬ ಯಂತ್ರಜ್ಞನಿದ್ದನು. ದೇವಾಲಯದ ತೀರ್ಥಜಲವನ್ನು ಅಳೆದು ಕೊಡುವ ಪಾತ್ರೆಯೊಂದನ್ನು ಆತನು ತನ್ನ ಗ್ರಂಥದಲ್ಲಿ ವರ್ಣಿಸಿರುವನು. ಅದರ ಯುಕ್ತಿ ನಮ್ಮ ಏತದಂತೆಯೇ. ಪಾತ್ರೆಯೊಳಗೆ ಅಡ್ಡ ಸನ್ನೆಕೋಲು. ಒಂದು ತುದಿಗೆ ಪುಟ್ಟ ತಟ್ಟೆ, ಇನ್ನೊಂದು ತುದಿಗೆ ನೀರಿನ ತೂತನ್ನು ಮುಚ್ಚಿದ ಬೆಣೆ. ಮೇಲಿನಿಂದ ಹಾಕಿದ ನಾಣ್ಯವು ತಟ್ಟೆಯ ಮೇಲೆ ಬಿದ್ದು ಅದನ್ನು ತಗ್ಗಿಸುವುದು. ಆಗ ಬೆಣೆಯು ಮೇಲೆದ್ದು ನೀರು ಹರಿಯುವುದು. ತಟ್ಟೆ ಓರೆಯಾದೊಡನೆ ನಾಣ್ಯವು ಜಾರಿ ಕೆಳಗೆ ಬೀಳುವುದು, ಬೆಣೆಯು ಮತ್ತೆ ಕೂಡುವುದು, ನೀರು ನಿಲ್ಲುವುದು. ಜಗತ್ತಿನಲ್ಲಿ ವರ್ಣಿತವಾದ ನಾಣ್ಯದ ಯಂತ್ರಗಳಲ್ಲಿ ಮೊದಲನೆಯದೆಂದು ಹೇಳಲಾಗುವ ಇದು ಮಾರಿದ್ದೂ ನೀರನ್ನೇ ಎಂಬುದು ಸೋಜಿಗವಲ್ಲವೆ?

ಆ ಬಳಿಕ ಎಷ್ಟೋ ಶತಮಾನಗಳು ಕಳೆದವು. 1880ರ ದಶಕದಲ್ಲಿ ಲಂಡನ್ನಿನಲ್ಲಿ ಪರ್ಸಿವಲ್ ಎವೆರಿಟ್ ಎಂಬವನು ಅಂಚೆಯ ಕಾರ್ಡುಗಳನ್ನು ಮಾರುವ ಯಂತ್ರವನ್ನು ನಿಲ್ಲಿಸಿದನು. 1888ರಲ್ಲಿ ನ್ಯೂಯಾರ್ಕಿನ ರೈಲು ಕಟ್ಟೆಗಳ ಮೇಲೆ ಅಗಿಯುವ ಅಂಟಿನ ಯಂತ್ರಗಳು ಬಂದವು. ನಮ್ಮಲ್ಲಿ ಈ ವಂಶದ ಪರಿಚಿತ ಮುಖವೆಂದರೆ ದೊಡ್ಡ ರೈಲು ನಿಲ್ದಾಣಗಳ ತೂಕದ ಯಂತ್ರ. ಅದರ ದೀಪಗಳು ಮಿನುಗಿ, ಬಣ್ಣದ ಚಕ್ರವು ತಿರುಗಿ ನಿಂತ ಮೇಲೆ ನಾಣ್ಯ ಹಾಕಿದರೆ ರಟ್ಟಿನ ಚೀಟಿಯೊಂದು ಹೊರಬೀಳುತ್ತಿತ್ತು. ಅದರಲ್ಲಿ ನಮ್ಮ ತೂಕ, ಜೊತೆಗೆ ನಮ್ಮ ಭವಿಷ್ಯ! ತೂಕ ಒಂದು ವೇಳೆ ತಪ್ಪಿದರೂ ಭವಿಷ್ಯ ಮಾತ್ರ ಯಾವಾಗಲೂ ಹಿತವಾಗಿಯೇ ಇರುತ್ತಿತ್ತು.

ಇಂಥ ಹಳೆಯ ಯಂತ್ರಗಳು ನಾಣ್ಯವನ್ನು ಹೇಗೆ ಪರೀಕ್ಷಿಸುತ್ತಿದ್ದವೆಂಬುದನ್ನು ನೋಡೋಣ. ಮೊದಲನೆಯ ದ್ವಾರಪಾಲಕನು ಸೀಳು: ದೊಡ್ಡದೂ ದಪ್ಪನೆಯದೂ ಅದರಲ್ಲಿ ತೂರಲಾರದು. ಎರಡನೆಯದು ತಕ್ಕಡಿಯಂಥ ತೊಟ್ಟಿಲು: ಹಗುರಾದ ಬಿಲ್ಲೆಯಿಂದ ಅದು ಬಾಗದು. ಮೂರನೆಯದು ಅಯಸ್ಕಾಂತ: ನಾಣ್ಯದ ಬದಲು ಕಬ್ಬಿಣದ ವಾಷರನ್ನು ಹಾಕುವ ಜಾಣರನ್ನು ಹಿಡಿಯಲೆಂದೇ ಅದನ್ನಿಡುತ್ತಿದ್ದರು. ಹಳೆಯ ಯಂತ್ರವನ್ನು ದುರಸ್ತಿ ಮಾಡಹೊರಟವರು ಎಡವುವುದೂ ಇಲ್ಲಿಯೇ. ಅಂಚು ಅಲೆಯಲೆಯಾಗಿದ್ದ ಹಿಂದಿನ ಒಂದಾಣೆಯು ತಾಮ್ರ ಮತ್ತು ನಿಕಲ್ಲಿನ ಮಿಶ್ರಲೋಹದ್ದು, ಅಯಸ್ಕಾಂತಕ್ಕೆ ಅಂಟುತ್ತಿರಲಿಲ್ಲ. ನಮ್ಮ ಒಂದು ರೂಪಾಯಿ, ಎರಡು ರೂಪಾಯಿಗಳು ಈಗ ಅಯಸ್ಕಾಂತಕ್ಕೆ ಅಂಟುವ ಉಕ್ಕಿನವು. ಆದುದರಿಂದ ಹಳೆಯ ಯಂತ್ರದ ಕೀಲುಗಳೆಲ್ಲ ಸರಿಯಿದ್ದರೂ ಅದು ಇಂದಿನ ಸಾಚಾ ನಾಣ್ಯವನ್ನು ಕಳ್ಳನೆಂದೇ ಬಗೆಯುವುದು! ಇನ್ನೊಂದು ಮಾತು: ನಾಣ್ಯವು ಜಾರುವ ದಾರಿಗೆ ಎಂದಿಗೂ ಎಣ್ಣೆ ಬಿಡಬಾರದು. ಎಣ್ಣೆಗೆ ಧೂಳು ಹತ್ತಿ, ಧೂಳು ಜಿಡ್ಡಾಗಿ, ನಾಣ್ಯವು ನಡುದಾರಿಯಲ್ಲಿ ನಿಂತುಬಿಡುವುದು. ಒಣ ಕುಂಚ, ಒಣ ಬಟ್ಟೆ ಇವೇ ಅದಕ್ಕೆ ತಕ್ಕ ಔಷಧ.

ನಮ್ಮ ನೀರಿನ ಪೆಟ್ಟಿಗೆಯ ಪರೀಕ್ಷೆಯು ಬೇರೆ ತೆರನಾದುದು. ಅದರೊಳಗೆ ತಂತಿಯ ಸುರುಳಿಗಳಿರುವವು. ಅವುಗಳಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ನಾಣ್ಯವು ನಡುವೆ ಹಾಯ್ದರೆ, ಅದರ ಲೋಹ ಹಾಗೂ ಗಾತ್ರಕ್ಕೆ ತಕ್ಕಂತೆ ಸುರುಳಿಯ ಕಾಂತಬಲವು ಕದಲುವುದು. ಸಾದಾ ಬಗೆಯ ಯಂತ್ರದಲ್ಲಿ ಮಾದರಿಯ ನಾಣ್ಯವೊಂದನ್ನು ಮೊದಲೇ ಒಳಗೆ ಸಿಕ್ಕಿಸಿರುವರು. ಹೊಸದಾಗಿ ಬಂದುದು ಅದಕ್ಕೆ ಸರಿದೂಗಿದರೆ ದಾರಿ ತೆರೆಯುವುದು. ಇಲ್ಲವಾದರೆ ನಾಣ್ಯವು ಕೆಳಗಿನ ಬಟ್ಟಲಿಗೆ ಮರಳಿ ಬೀಳುವುದು.

ಇಲ್ಲಿ ನಮ್ಮ ನಾಣ್ಯಗಳೇ ಯಂತ್ರವನ್ನು ಪೇಚಿಗೆ ಸಿಕ್ಕಿಸಿವೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯ ಅಗಲ 25 ಮಿಲಿಮೀಟರು, 2011ರ ಮಾಲಿಕೆಯದು ಸುಮಾರು 22, 2019ರದು 20. ಒಂದೇ ರೂಪಾಯಿಗೆ ಮೂರು ಅಳತೆ! ಇನ್ನೂ ವಿಚಿತ್ರವೆಂದರೆ, 2011ರ ಎರಡು ರೂಪಾಯಿಯ ಅಗಲವು 25 ಮಿಲಿಮೀಟರು, ತೂಕವು 4.85 ಗ್ರಾಮು, ಹಳೆಯ ಉಕ್ಕಿನ ಒಂದು ರೂಪಾಯಿಯದೂ ಅಷ್ಟೇ. ಓದಬಲ್ಲ ಕಣ್ಣಿಗಲ್ಲದೆ ಯಂತ್ರಕ್ಕೆ ಅವುಗಳ ಭೇದವು ತಿಳಿಯುವ ಬಗೆಯೆಂತು? ಐದು ರೂಪಾಯಿಯ ಹಿತ್ತಾಳೆ ಬಣ್ಣದ ನಾಣ್ಯವೂ ಮೊದಲು 23 ಮಿಲಿಮೀಟರು ಇದ್ದುದು 2019ರ ಮಾಲಿಕೆಯಲ್ಲಿ 25 ಆಯಿತು. ಮೊದಲು ಎರಡು ರೂಪಾಯಿಗೆ ಸಿಗುತ್ತಿದ್ದ 20 ಲೀಟರು ನೀರಿಗೆ ಅನೇಕ ಊರುಗಳಲ್ಲಿ ಐದು ರೂಪಾಯಿಯಾದಾಗ ಪೆಟ್ಟಿಗೆಯೊಳಗಿನ ಮಾದರಿಯನ್ನೂ ಬದಲಿಸಬೇಕಾಯಿತು. ಆದುದರಿಂದ ನಾಣ್ಯವು ಮರಳಿ ಬಂದರೆ ಯಂತ್ರವನ್ನು ಗುದ್ದಬೇಡಿರಿ. ಬೇರೊಂದು ಮಾಲಿಕೆಯ ನಾಣ್ಯವನ್ನು ಹಾಕಿ ನೋಡಿರಿ.

ನಾಣ್ಯವು ಅಂಗೀಕೃತವಾದ ಮೇಲೆ ಒಳಗಿನ ಫಲಕವು ವಿದ್ಯುತ್ತಿನ ಕವಾಟವನ್ನು ತೆರೆಯುವುದು. ಕೆಲವು ಪೆಟ್ಟಿಗೆಗಳು ಲೀಟರನ್ನು ಅಳೆಯುವುದಿಲ್ಲ, ಕೇವಲ ಕಾಲವನ್ನು ಅಳೆಯುವವು: ಇಂತಿಷ್ಟು ಸೆಕೆಂಡು ಕಳೆದೊಡನೆ ಕವಾಟ ಮುಚ್ಚಿತು. ಮೇಲಿನ ತೊಟ್ಟಿಯಲ್ಲಿ ನೀರು ತಗ್ಗಿದರೆ ಧಾರೆ ಸಣ್ಣದಾಗಿ ಕೊಡವು ಅರೆಯಾಗುವುದು. "ಮುಂಜಾನೆ ತುಂಬತಿತ್ತು, ಸಂಜೀಗೆ ತುಂಬವಲ್ದು" ಎಂಬ ದೂರಿನ ಮೂಲವು ಹಲವು ಸಲ ಇದೇ. ಇನ್ನು ನಾಣ್ಯವು ಬಿದ್ದ ಕ್ಷಣದಲ್ಲಿಯೇ ವಿದ್ಯುತ್ತು ಹೋದರೆ ಸಾದಾ ಫಲಕಕ್ಕೆ ಆ ನಾಣ್ಯದ ನೆನಪುಳಿಯುವುದಿಲ್ಲ. ದೀಪವನ್ನು ನೋಡಿ ನಾಣ್ಯ ಹಾಕುವುದು ಜಾಣತನ.

ಆ ಸಂಜೆಯ ಕಥೆಯನ್ನು ನಡುವೆಯೇ ಬಿಟ್ಟಿದ್ದೆವು. ಊರಿನ ತರುಣನೊಬ್ಬನು ಬೀಗದ ಕೈ ತಂದು, ವಿದ್ಯುತ್ತನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ತೆರೆದನು. ನಾಣ್ಯದ ದಾರಿಯಲ್ಲಿ ಕೆಂಪನೆಯ ಹೆಪ್ಪು ಕಂಡಿತು. ಖಂಡೇಪೂಜೆಯ ದಿನ ಭಕ್ತಿಯಿಂದ ಸೀಳಿಗೆ ಹಚ್ಚಿದ ಕುಂಕುಮ! ಒದ್ದೆ ಕೈಗಳಿಂದ ಹಾಕಿದ ನಾಣ್ಯಗಳೊಡನೆ ಒಳಗಿಳಿದು, ತೇವವಾಗಿ ಒಣಗಿ, ಅಲ್ಲಿಯೇ ಗಟ್ಟಿಯಾಗಿತ್ತು. ನಾಣ್ಯವು ಪರೀಕ್ಷೆಯನ್ನು ದಾಟಿದರೂ ಎಣಿಕೆಯ ಕಣ್ಣಿನವರೆಗೆ ತಲುಪದೆ ಅದಕ್ಕೆ ಅಂಟಿ ನಿಂತಿತ್ತು. ತರುಣನು ಒಣ ಕುಂಚದಿಂದ ದಾರಿಯನ್ನು ಸ್ವಚ್ಛಗೊಳಿಸಿ, "ಆಯೀ, ನಿಮ್ಮ ರೊಕ್ಕ ಎಲ್ಲೂ ಹೋಗಿಲ್ರಿ, ಇಲ್ಲೇ ಐತಿ" ಎಂದು ಎರಡೂ ನಾಣ್ಯಗಳನ್ನು ಆಕೆಯ ಅಂಗೈಯಲ್ಲಿಟ್ಟನು. ಕೆಲಸವು ಕಾಲು ಗಂಟೆಯಲ್ಲಿ ಮುಗಿಯಿತು. ಆದರೆ ಮೂರು ದಿನಗಳಿಂದ ಆ ಯಂತ್ರವು ಜನರ ಹಣವನ್ನು ನುಂಗುತ್ತಲೇ ಇದ್ದಿತಂತೆ. ಬೀಗದ ಕೈ ಯಾರಲ್ಲಿದೆಯೆಂದು ಯಾರೂ ಕೇಳಿರಲಿಲ್ಲ!

ಮಾರುವವನಿಲ್ಲದ ಅಂಗಡಿಗೆ ಊರೇ ಒಡೆಯನಾಗಬೇಕು. ಇದು ನಮ್ಮ ಜನಕ್ಕೆ ಮೀರಿದ ಕೆಲಸವಲ್ಲ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಇಡೀ ತಾಲೂಕಿಗೆ ಬೆಳಕು ಹಂಚಿದ ಸೀಮೆಯಿದು. ಒಂದು ಪೆಟ್ಟಿಗೆಯ ಯೋಗಕ್ಷೇಮ ನಮ್ಮಿಂದಾಗದೆ? ಬೀಗದ ಕೈ ಯಾರಲ್ಲಿದೆಯೆಂಬುದನ್ನು ಗೋಡೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆಯಿಸಿರಿ. ಯಾವ ನಾಣ್ಯ ನಡೆಯುವುದೆಂಬುದನ್ನೂ ಬರೆಯಿಸಿರಿ. ವಾರಕ್ಕೊಮ್ಮೆ ನಾಣ್ಯದ ದಾರಿಯನ್ನು ಒರೆಸುವ ಭಾರವನ್ನು ಒಬ್ಬ ಹುಡುಗನಿಗೆ ವಹಿಸಿರಿ. ಪೂಜೆಯನ್ನು ಅವಶ್ಯವಾಗಿ ಮಾಡಿರಿ. ಆದರೆ ಕುಂಕುಮವನ್ನು ಪೆಟ್ಟಿಗೆಯ ಹಣೆಗೆ ಇಡಿರಿ, ಬಾಯಿಗಲ್ಲ.

ಆ ತಾಯಿಯು ಅದೇ ನಾಣ್ಯವನ್ನು ಸೆರಗಿನಿಂದ ಒರೆಸಿ ಮತ್ತೆ ಸೀಳಿಗೆ ಹಾಕಿದಳು. ಈ ಸಲ ನೀರು ಬಂದಿತು. ಕೊಡ ತುಂಬುವವರೆಗೂ ಆಕೆ ಅಲ್ಲಿಂದ ಕಣ್ಣು ಕದಲಿಸಲಿಲ್ಲ.