ಗೂಗಲ್ ಮ್ಯಾಪ್‌ಗೆ ತೋಟದ ಹೆಸರು ಹಾಕಿದ್ರೆ ಮುಗೀತಾ?

ನೇರ ಮಾರಾಟ ಮಾಡುವ ಮಾವು ಬೆಳೆಗಾರರು ಗೂಗಲ್ ಮ್ಯಾಪ್‌ಗೆ ತೋಟದ ಹೆಸರು ಸೇರಿಸಿ, ಆಮೇಲೆ ಆ ಕಡೆ ತಲೆ ಹಾಕೋದೇ ಇಲ್ಲ. ಮುಂದಿನ ಸೀಸನ್‌ನಲ್ಲಿ ಹುಡುಕಿದರೆ ಬೇರೆಯವರ ತೋಟ ಮೇಲಿರುತ್ತೆ.

ಹುಡುಕಿದ ಪದಕ್ಕೆ ಹೊಂದುತ್ತಾ, ಎಷ್ಟು ದೂರ, ಎಷ್ಟು ಹೆಸರುವಾಸಿ, ಗೂಗಲ್ ಮುಖ್ಯವಾಗಿ ನೋಡೋದು ಈ ಮೂರನ್ನು. ದೂರ ನಮ್ಮ ಕೈಲಿಲ್ಲ. ಹೆಸರು ಮಾತ್ರ ನಿಂತಲ್ಲಿ ನಿಲ್ಲಲ್ಲ. ಪಕ್ಕದೂರಿನವರಿಗೆ ಹೊಸ ರಿವ್ಯೂಗಳು ಬರ್ತಾನೇ ಇರುತ್ತವೆ. ಗೂಗಲ್ ಕೂಡ ತನ್ನ ಲೆಕ್ಕಾಚಾರವನ್ನು ವರ್ಷಕ್ಕೆ ಹಲವು ಸಲ ಬದಲಿಸುತ್ತೆ.

ಪದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಾಮನಗರದ ಕಡೆ ‘ಬಾದಾಮಿ’ ಅನ್ನೋ ಹಣ್ಣೇ ಧಾರವಾಡದಲ್ಲಿ ‘ಆಪೂಸ್’, ಇಂಗ್ಲಿಷ್‌ನಲ್ಲಿ ‘ಅಲ್ಫಾನ್ಸೋ’. ತೋಟದ ವಿವರದಲ್ಲಿ ಮೂರೂ ಇರಲಿ. ಬರೀ ‘ಬಾದಾಮಿ’ ಅಂದರೆ ಡ್ರೈಫ್ರೂಟ್ ಹುಡುಕೋರು ಫೋನ್ ಮಾಡಿಯಾರು! ಆದರೆ ಹೆಸರಿನ ಜಾಗದಲ್ಲಿ ಇವನ್ನೆಲ್ಲ ತುರುಕಬೇಡಿ, ಅದಕ್ಕೆ ಗೂಗಲ್ ಒಪ್ಪಲ್ಲ.

ಹಣ್ಣು ಮುಗಿದ ಮೇಲೂ ‘ತೆರೆದಿದೆ’ ಅಂತ ತೋರಿಸುತ್ತಿದ್ದರೆ, 60 ಕಿ.ಮೀ. ಕಾರು ಓಡಿಸ್ಕೊಂಡು ಬಂದವರು ಗೇಟಿನ ಬೀಗ ನೋಡಿ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ಆ ಒಂದು ಸ್ಟಾರ್ ಮುಂದಿನ ವರ್ಷವೂ ಅಲ್ಲೇ ಇರುತ್ತೆ. ಕೊಯ್ಲು ಮುಗಿದ ದಿನವೇ ‘ತಾತ್ಕಾಲಿಕವಾಗಿ ಮುಚ್ಚಿದೆ’ ಅಂತ ಮಾಡಿ. ಕಾಯಿ ಬಲಿಯುವಾಗ ಮತ್ತೆ ತೆರೆದು, ಈ ವರ್ಷದ ಫಸಲಿನ ಫೋಟೋ ಹಾಕಿ. ರಿವ್ಯೂ ಕೇಳಿ, ಉತ್ತರವನ್ನೂ ಬರೆಯಿರಿ; ಆದರೆ ಅದಕ್ಕೆಂದು ರಿಯಾಯಿತಿ ಕೊಡೋದು ಗೂಗಲ್ ನಿಯಮಕ್ಕೆ ವಿರುದ್ಧ.