ಹೊರಗಣ ಮಾತು, ಒಳಗಣ ಅರಿವು

ಮಗು ಹುಟ್ಟುವಾಗಲೇ ಮನಸ್ಸನ್ನು ಪರಿಪೂರ್ಣವಾಗಿ ತಂದಿರುತ್ತದೆಯೋ, ಇಲ್ಲವೇ ಜನರ ನಡುವೆ ಬೆಳೆಯುತ್ತ ಬೆಳೆಯುತ್ತ ಅದನ್ನು ಪಡೆದುಕೊಳ್ಳುತ್ತದೆಯೋ ಎಂಬುದು ಬಲ್ಲವರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಬೀಜದಲ್ಲಿಯೇ ಮರವಿದೆ ಎಂಬುದು ಒಂದು ಪಕ್ಷ. ನೆಲ, ನೀರು, ಬಿಸಿಲುಗಳಿಲ್ಲದೆ ಬೀಜವು ಬೀಜವಾಗಿಯೇ ಉಳಿಯುತ್ತದೆ ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ನೆಲ ನೀರುಗಳು ಬೀಜದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಬಿಡಿಸಿ ಹೇಳದಿದ್ದರೆ, ಈ ಉಪಮೆಯಿಂದ ಮಕ್ಕಳನ್ನು ಸಾಕುವ ತಾಯಿತಂದೆಗಳಿಗೆ ಯಾವ ಪ್ರಯೋಜನವೂ ಇಲ್ಲ. ಹಾಗೆ ಬಿಡಿಸಿ ಹೇಳಿದವರಲ್ಲಿ ಅಗ್ರಗಣ್ಯರು ರಷ್ಯಾದ ಮನಃಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ.

ಇಂದು ಬೆಲಾರೂಸ್ ದೇಶಕ್ಕೆ ಸೇರಿರುವ ಓರ್ಷಾ ಎಂಬಲ್ಲಿ 1896ರಲ್ಲಿ, ಯಹೂದಿ ಮನೆತನದಲ್ಲಿ ಇವರ ಜನನ. ಓದಿದ್ದು ಕಾನೂನು, ಒಲಿದದ್ದು ಸಾಹಿತ್ಯ, ಕೊನೆಗೆ ನೆಲೆ ನಿಂತದ್ದು ಮನಃಶಾಸ್ತ್ರದಲ್ಲಿ. 1924ರಲ್ಲಿ ಮಾಸ್ಕೋ ನಗರಕ್ಕೆ ಬಂದ ಮೇಲೆ ಅವರಿಗೆ ದೊರೆತದ್ದು ಕೇವಲ ಹತ್ತು ವರ್ಷಗಳ ಅವಧಿ. 1934ರ ಜೂನ್ ತಿಂಗಳಲ್ಲಿ, 37ನೆಯ ವಯಸ್ಸಿನಲ್ಲಿ, ಕ್ಷಯರೋಗ ಅವರನ್ನು ಬಲಿ ತೆಗೆದುಕೊಂಡಿತು. ‘ಚಿಂತನೆ ಮತ್ತು ಮಾತು’ ಎಂಬ ಅವರ ಮುಖ್ಯ ಗ್ರಂಥ ಅಚ್ಚಾದದ್ದು ಅದೇ ವರ್ಷ, ಅವರ ಮರಣಾನಂತರ. ಎರಡು ವರ್ಷಗಳ ಬಳಿಕ ಸೋವಿಯತ್ ಕಮ್ಯುನಿಸ್ಟ್ ಪಕ್ಷವು ಶಿಶುಗಳ ಬೆಳವಣಿಗೆಯನ್ನು ಕುರಿತ ಅಂದಿನ ಶಾಸ್ತ್ರವನ್ನೇ ಖಂಡಿಸಿ ನಿರ್ಣಯ ಹೊರಡಿಸಿತು. ಆ ಗ್ರಂಥವೂ ಮರೆಗೆ ಸರಿಯಿತು. ಅದು ಮರಳಿ ಬೆಳಕು ಕಂಡದ್ದು 1956ರಲ್ಲಿ, ಇಂಗ್ಲಿಷಿಗೆ ಬಂದದ್ದು 1962ರಲ್ಲಿ.

ವೈಗೋಟ್ಸ್ಕಿಯವರ ಪ್ರತಿಪಾದನೆಯನ್ನು ಒಂದು ಸಣ್ಣ ನಿದರ್ಶನದಿಂದ ತಿಳಿಯಬಹುದು. ತೊಟ್ಟಿಲ ಮಗು ದೂರದಲ್ಲಿರುವ ಗಿಲಕಿಯತ್ತ ಕೈ ಚಾಚುತ್ತದೆ. ಅದು ಎಟುಕುವುದಿಲ್ಲ. ಆ ಕ್ಷಣದಲ್ಲಿ ಚಾಚಿದ ಕೈ ಬರಿಯ ವಿಫಲ ಯತ್ನವೇ ಹೊರತು ಅದಕ್ಕೆ ಬೇರೆ ಅರ್ಥವಿಲ್ಲ. ತಾಯಿ ಅದನ್ನು ನೋಡುತ್ತಾಳೆ. ‘ಗಿಲಕಿ ಬೇಕೇನೋ ಕಂದಾ?’ ಎಂದು ತೆಗೆದುಕೊಡುತ್ತಾಳೆ. ಹೀಗೆ ಹತ್ತಾರು ಸಲ ನಡೆದ ಮೇಲೆ ಮಗು ವಸ್ತುವನ್ನು ಹಿಡಿಯಲೆಂದಲ್ಲ, ತಾಯಿಗೆ ತೋರಿಸಲೆಂದೇ ಬೆರಳು ಚಾಚತೊಡಗುತ್ತದೆ. ಕೈಚಾಚುವಿಕೆಗೆ ಅರ್ಥ ಕೊಟ್ಟವಳು ತಾಯಿ; ಆ ಅರ್ಥವನ್ನು ಅರಿತುಕೊಂಡವರಲ್ಲಿ ಮಗು ಕೊನೆಯದು. ನೆನಪು, ಗಮನ, ತರ್ಕ, ಸಂಕಲ್ಪ ಎಂದು ನಾವು ಯಾವುದನ್ನು ಮಗುವಿನ ಸ್ವಂತ ಶಕ್ತಿಯೆಂದು ಎಣಿಸುತ್ತೇವೆಯೋ ಅದು ಮೊದಲು ಮಗು ಮತ್ತು ಇನ್ನೊಬ್ಬರ ನಡುವೆ ನಡೆದ ವ್ಯವಹಾರವಾಗಿತ್ತು, ತರುವಾಯ ಒಳಕ್ಕೆ ಇಳಿಯಿತು ಎಂಬುದು ಅವರ ಸಿದ್ಧಾಂತದ ತಿರುಳು.

ಒಳಕ್ಕೆ ಇಳಿಯುವುದೆಂದರೇನು? ನಾಲ್ಕೈದು ವರ್ಷದ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ತಾವೇ ಮಾತನಾಡಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಸ್ವಿಟ್ಜರ್ಲೆಂಡಿನ ಮಹಾಪಂಡಿತ ಜೀನ್ ಪಿಯಾಜೆ ಇದನ್ನು ಗಮನಿಸಿ, ಮಗು ಇನ್ನೂ ಪರರ ದೃಷ್ಟಿಯನ್ನು ತಿಳಿಯದ ಕಾರಣ ಹೀಗೆ ಆಡಿಕೊಳ್ಳುತ್ತದೆ, ಬೆಳೆದಂತೆ ಇದು ತಾನಾಗಿ ಅಳಿದುಹೋಗುತ್ತದೆ ಎಂದಿದ್ದರು. ವೈಗೋಟ್ಸ್ಕಿ ಇದನ್ನು ಒಪ್ಪಲಿಲ್ಲ. ಚಿತ್ರ ಬರೆಯುವ ಮಕ್ಕಳಿಗೆ ಬೇಕೆಂದೇ ಅಡಚಣೆ ಒಡ್ಡಿದರು: ಕಾಗದ ಕಡಿಮೆ, ಬೇಕಾದ ಬಣ್ಣದ ಪೆನ್ಸಿಲ್ ಇಲ್ಲ. ಆಗ ಮಕ್ಕಳ ಸ್ವಗತ ಹೆಚ್ಚು ಕಡಿಮೆ ಇಮ್ಮಡಿಸಿತು. ಅರ್ಥಾತ್, ಅದು ವ್ಯರ್ಥಾಲಾಪವಲ್ಲ. ಕಷ್ಟ ಎದುರಾದಾಗ ಮಗು ಮಾತನ್ನು ಊರುಗೋಲಾಗಿ ಹಿಡಿಯುತ್ತಿದೆ. ಐದೂವರೆ ವರ್ಷದ ಮಗುವೊಂದು ಟ್ರಾಮ್ ಬಂಡಿಯ ಚಿತ್ರ ಬರೆಯುತ್ತಿತ್ತು. ಗಾಲಿಯನ್ನು ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು. ಮಗು ಮೆಲ್ಲಗೆ ‘ಮುರಿದಿದೆ’ ಎಂದುಕೊಂಡು, ಪೆನ್ಸಿಲನ್ನು ಬದಿಗಿಟ್ಟು ಬಣ್ಣದ ಕುಂಚ ಹಿಡಿದು, ಅಪಘಾತಕ್ಕೆ ಸಿಕ್ಕಿ ಮುರಿದ ಬಂಡಿಯನ್ನೇ ಚಿತ್ರಿಸಿತು. ಬಾಯಿಂದ ಜಾರಿದ ಒಂದು ಪದವು ಚಿತ್ರದ ಯೋಜನೆಯನ್ನೇ ಬದಲಿಸಿತು.

ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಮಾರ್ಮಿಕವಾದುದು. ಮಗುವನ್ನು ಕಿವುಡ ಮಕ್ಕಳ ನಡುವೆಯೋ ಪರಭಾಷೆಯ ಮಕ್ಕಳ ನಡುವೆಯೋ ಆಡಲು ಬಿಟ್ಟರೆ ಆ ಸ್ವಗತ ತೀರ ಕುಗ್ಗಿತು, ಬಹುಮಟ್ಟಿಗೆ ನಿಂತೇಹೋಯಿತು. ತನಗಾಗಿ ಆಡುವ ಮಾತೂ ಕೇಳಿ ತಿಳಿಯುವವರಿದ್ದಾರೆ ಎಂಬ ಭಾವನೆಯಿಲ್ಲದೆ ಹುಟ್ಟುವುದಿಲ್ಲ! ಏಳೆಂಟು ವರ್ಷಗಳ ವೇಳೆಗೆ ಈ ಸ್ವಗತ ಅಳಿಯುವುದಿಲ್ಲ, ಒಳಗಿಳಿದು ಆಲೋಚನೆಯಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ನಿತ್ಯ ಜಪ ಮಾಡುವ ನಮ್ಮ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಾಯಿತೆರೆದು ಉಚ್ಚರಿಸುವ ವಾಚಿಕ, ತುಟಿಯಷ್ಟೇ ಅಲುಗುವ ಉಪಾಂಶು, ಒಳಗೇ ನಡೆಯುವ ಮಾನಸ ಎಂದು ಜಪದಲ್ಲಿ ಮೂರು ಬಗೆಗಳಿವೆಯಷ್ಟೆ. ಇದು ಹೋಲಿಕೆ ಮಾತ್ರ; ಸಾಧಕನು ತಿಳಿದು ಏರುವ ಮೆಟ್ಟಿಲುಗಳನ್ನು ಮಗು ತಿಳಿಯದೆಯೇ ಹತ್ತುತ್ತದೆ. ಆದರೆ ಮೊದಲ ಮೆಟ್ಟಿಲಿಗೆ ಉಪದೇಶಿಸುವವರೊಬ್ಬರು ಇಬ್ಬರಿಗೂ ಬೇಕು.

ಮಾತಿಲ್ಲದೆ ಆಲೋಚನೆಯೇ ಇಲ್ಲವೆಂದು ವೈಗೋಟ್ಸ್ಕಿ ಹೇಳಲಿಲ್ಲ. ಆಲೋಚನೆಗೂ ಮಾತಿಗೂ ಬೇರುಗಳು ಬೇರೆ, ಎರಡನೆಯ ವಯಸ್ಸಿನ ಸುಮಾರಿಗೆ ಅವೆರಡೂ ಹೆಣೆದುಕೊಳ್ಳುತ್ತವೆ ಎಂದರು. ಮೆದುಳಿನ ಆಘಾತದಿಂದ ಮಾತನ್ನು ಪೂರ್ತಿ ಕಳೆದುಕೊಂಡ ವಯಸ್ಕರಲ್ಲಿ ಕೆಲವರು ಲೆಕ್ಕ ಬಿಡಿಸಬಲ್ಲರು ಎಂಬುದು ಇತ್ತೀಚಿನ ಅಧ್ಯಯನಗಳಿಂದ ತಿಳಿದಿದೆ. ಕಟ್ಟಡ ಮುಗಿದ ಮೇಲೆ ಸಾರವೆ ಬಿಚ್ಚಿದರೂ ಗೋಡೆ ನಿಲ್ಲುತ್ತದೆ. ಸಾರವೆಯಿಲ್ಲದೆ ಗೋಡೆ ಏಳುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಕಲಿಕೆಯ ವಿಷಯದಲ್ಲಿಯೂ ಅವರ ಅಳತೆಗೋಲು ವಿಶಿಷ್ಟವಾದುದು. ಇಬ್ಬರು ಮಕ್ಕಳು ತಾವಾಗಿ ಎಂಟು ವರ್ಷದವರ ಮಟ್ಟದ ಲೆಕ್ಕಗಳನ್ನು ಬಿಡಿಸುತ್ತಾರೆ ಎನ್ನೋಣ. ಸ್ವಲ್ಪ ಸುಳಿವು ಕೊಟ್ಟು ಸಹಾಯ ಮಾಡಿದರೆ ಒಬ್ಬನು ಒಂಬತ್ತರ ಮಟ್ಟಕ್ಕೆ ಏರುತ್ತಾನೆ, ಇನ್ನೊಬ್ಬನು ಹನ್ನೆರಡರ ಮಟ್ಟಕ್ಕೆ. ಇಬ್ಬರೂ ಸಮಾನರೆಂದು ಪರೀಕ್ಷೆಯ ಅಂಕಪಟ್ಟಿ ಹೇಳಿದರೆ ಅದು ಅರ್ಧಸತ್ಯ. ಮಠಗಳ ಪಾಠಶಾಲೆ, ಪ್ರಸಾದನಿಲಯಗಳಲ್ಲಿ ಓದಿದವರಿಗೆ ಇದು ಅನುಭವದ ಸಂಗತಿ: ಶಾಸ್ತ್ರಿಗಳು ಪಾಠಕ್ಕೆ ಬಂದು ಕೂಡುವ ಮುನ್ನವೇ ಹಿರಿಯ ವಟುಗಳು ಕಿರಿಯರಿಗೆ ಶಬ್ದರೂಪಗಳನ್ನು ಹೇಳಿಕೊಟ್ಟಿರುತ್ತಿದ್ದರು. ಅರ್ಧ ವಿದ್ಯೆ ಅಲ್ಲಿಯೇ ಆಗುತ್ತಿತ್ತು.

ಈ ಸಿದ್ಧಾಂತಗಳ ಪ್ರಸ್ತಾಪ ಈಗೇಕೆ? ನಮ್ಮ ಮನೆಗಳಲ್ಲಿ ತೊಟ್ಟಿಲ ಬಳಿಯ ಮಾತು ಕ್ಷೀಣಿಸುತ್ತಿರುವುದರಿಂದ. ಊಟ ಮಾಡಿಸುವಾಗ ಕೂಸಿನ ಕೈಗೆ ಮೊಬೈಲ್ ಕೊಡುವುದು ರೂಢಿಯಾಗಿದೆ. ಅದೂ ಮಾತನಾಡುತ್ತದೆಯಲ್ಲ, ಮಗು ಕಲಿಯಲಿ ಬಿಡಿ ಎಂಬ ಸಮಾಧಾನ ಬೇರೆ. ಇದಕ್ಕೆ ಉತ್ತರವಾಗಿ ಎರಡು ಪ್ರಯೋಗಗಳನ್ನು ಹೇಳಬೇಕು. ಮೊದಲನೆಯದು ಕೆನಡಾದಲ್ಲಿ ಜಾನೆಟ್ ವರ್ಕರ್ ಎಂಬ ವಿದುಷಿ ನಡೆಸಿ 1984ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ-ಕಾರ, ಟ-ಕಾರಗಳನ್ನು ಕೇಳಿಸಿದರು. ನಮ್ಮ ‘ಆತ’ ಮತ್ತು ‘ಆಟ’ ಶಬ್ದಗಳ ವ್ಯತ್ಯಾಸವೂ ಇದೇ. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುತೇಕ ಎಲ್ಲವೂ ಇದನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಗುರುತಿಸಿದವು ಕೆಲವೇ ಕೆಲವು. ಮನೆಯಲ್ಲಿ ಕೇಳದ ಭೇದವನ್ನು ಕಿವಿ ವರ್ಷ ತುಂಬುವುದರೊಳಗೆ ಕೈಬಿಡುತ್ತದೆ.

ಎರಡನೆಯದು ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ್ದು. ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನೊಡನೆ ಚೀನೀ ಭಾಷೆಯವರು ಎದುರಿಗೆ ಕುಳಿತು ಪುಸ್ತಕ ತೋರಿಸುತ್ತ, ಆಟವಾಡಿಸುತ್ತ ಹನ್ನೆರಡು ಸಲ ಮಾತನಾಡಿದರು. ಆ ಕೂಸುಗಳು ಚೀನೀ ಧ್ವನಿಭೇದಗಳನ್ನು ಆ ಭಾಷೆಯ ಮನೆಗಳಲ್ಲಿ ಹುಟ್ಟಿದ ಕೂಸುಗಳಷ್ಟೇ ಚೆನ್ನಾಗಿ ಗ್ರಹಿಸಿದವು. ಬೇರೆ ಗುಂಪುಗಳಿಗೆ ಅದೇ ಜನರ ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರು, ಧ್ವನಿಮುದ್ರಣದಲ್ಲಿ ಕೇಳಿಸಿದರು. ಆ ಕೂಸುಗಳು ಏನನ್ನೂ ಕಲಿಯಲಿಲ್ಲ. ಪರದೆ ಮಗುವಿನ ಕಣ್ಣನ್ನು ಹಿಂಬಾಲಿಸುವುದಿಲ್ಲ, ಅದು ‘ಆ’ ಎಂದಾಗ ‘ಓ’ ಎನ್ನುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂಡಿಸುವುದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಇನ್ನು ಕೆಲವು ಸುಶಿಕ್ಷಿತ ಮನೆಗಳಲ್ಲಿ ಬೇರೊಂದು ವಿಪರೀತವಿದೆ. ಅಜ್ಜಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಮೊಮ್ಮಗನೊಡನೆ ಹೆಚ್ಚು ಮಾತು ಬೇಡ! ತಾಯಿ ತನಗೆ ಬರುವ ಐವತ್ತು ಅರವತ್ತು ಇಂಗ್ಲಿಷ್ ವಾಕ್ಯಗಳಲ್ಲಿ ಮಗುವಿನ ದಿನವನ್ನೆಲ್ಲ ಸಾಗಿಸುತ್ತಾಳೆ. ಎರಡು ಭಾಷೆ ಕಲಿತರೆ ಮಗುವಿಗೆ ಹಾನಿಯಿಲ್ಲ. ಹಾನಿ ಇರುವುದು ಬಡ ಭಾಷೆಯಲ್ಲಿ. ಜೋಗುಳ, ಒಗಟು, ಗಾದೆ, ಹಾಸ್ಯ, ಗದರಿಕೆಗಳೆಲ್ಲ ಅಜ್ಜಿಯ ಕನ್ನಡದಲ್ಲಿ ತುಂಬಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಪರಮಾರ್ಥವನ್ನು ಚರ್ಚಿಸಲು ಆರಿಸಿಕೊಂಡದ್ದು ಒಲೆಯ ಮುಂದಿನ ಈ ಮಾತನ್ನೇ. ಕೂಸಿಗೆ ತೊಟ್ಟಿಲಲ್ಲಿಯೇ ಲಿಂಗಧಾರಣೆ ಮಾಡಿಸುವ ಶ್ರದ್ಧೆ ಅದರೊಡನೆ ಮಾತನಾಡುವುದರಲ್ಲಿಯೂ ಇರಬೇಡವೇ?

ಮಾತೆಂದರೆ ಬಾಯಿಮಾತೇ ಆಗಬೇಕೆಂದಿಲ್ಲ. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯವರೆಗೆ ಕಿವುಡ ಮಕ್ಕಳು ಹೆಚ್ಚಾಗಿ ಮನೆಗಳಲ್ಲಿಯೇ ಒಂಟಿಯಾಗಿ, ಮನೆಯವರಿಗಷ್ಟೇ ತಿಳಿಯುವ ಸನ್ನೆಗಳಲ್ಲಿ ಬೆಳೆಯುತ್ತಿದ್ದರು. ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆ ತೆರೆದು ಅವರನ್ನು ಒಂದೆಡೆ ಸೇರಿಸಿದಾಗ, ಗುರುಗಳು ತುಟಿ ನೋಡಿ ಸ್ಪ್ಯಾನಿಷ್ ಕಲಿಯಲು ಹೇಳಿದರು. ಮಕ್ಕಳು ಆಟದ ಬಯಲಿನಲ್ಲಿ ತಮ್ಮದೇ ಸಂಜ್ಞಾಭಾಷೆಯನ್ನು ಕಟ್ಟಿದರು. ಮೊದಲ ತಲೆಮಾರಿನವರ ಭಾಷೆಯಲ್ಲಿ ‘ತಿಳಿ’, ‘ಭಾವಿಸು’ ಎಂಬಂಥ ಮನೋವ್ಯಾಪಾರದ ಪದಗಳು ವಿರಳವಾಗಿದ್ದವು. ಬೆಳೆದು ದೊಡ್ಡವರಾದ ಮೇಲೂ ಅವರಿಗೆ, ಇನ್ನೊಬ್ಬನು ತಪ್ಪು ತಿಳಿದುಕೊಂಡಿರಬಹುದೆಂಬ ಸಂಗತಿಯನ್ನು ಊಹಿಸುವುದು ಕಷ್ಟವಾಗಿತ್ತು. ಅದೇ ಭಾಷೆಯನ್ನು ಶ್ರೀಮಂತಗೊಳಿಸಿದ ಕಿರಿಯರಿಗೆ ಇದು ಸುಲಭವಾಗಿತ್ತು. ಕಿರಿಯರ ಒಡನಾಟದಲ್ಲಿ ಆ ಪದಗಳನ್ನು ಕಲಿತ ಬಳಿಕ ಹಿರಿಯರೂ ಅದನ್ನು ಸಾಧಿಸಿದರೆಂದು ಜೆನ್ನಿ ಪೈಯರ್ಸ್ ಮತ್ತು ಆನ್ ಸೆಂಗಾಸ್ 2009ರಲ್ಲಿ ವರದಿ ಮಾಡಿದರು. ಪರರ ಮನಸ್ಸನ್ನು ಅರಿಯುವ ಬಾಗಿಲು ಪ್ರಾಯ ಕಳೆದ ಮೇಲೂ ಮಾತಿನಿಂದಲೇ ತೆರೆಯಿತು.

ನಮ್ಮಲ್ಲಿ ಮಗುವಿಗೆ ಮಾತು ತಡವಾದರೆ, ‘ಇವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಜಾತ್ರೆಗೆ ಹರಕೆ ಹೊರುತ್ತಾರೆ. ಹರಕೆಯ ಬಗ್ಗೆ ಆಕ್ಷೇಪಣೆಯಿಲ್ಲ, ಆದರೆ ಮೊದಲು ಕಿವಿಯ ಪರೀಕ್ಷೆಯಾಗಲಿ. ಹುಟ್ಟಿದ ಕೆಲವೇ ದಿನಗಳಲ್ಲಿ, ಮಗು ನಿದ್ರಿಸುತ್ತಿರುವಾಗಲೇ, ನೋವಿಲ್ಲದೆ ಕೆಲವು ನಿಮಿಷಗಳಲ್ಲಿ ಇದನ್ನು ಮಾಡಬಹುದು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಶಿಕ್ಷಣದ ಆರಂಭ ಎಂಬುದು ತಜ್ಞರು ಒಪ್ಪಿರುವ ಕ್ರಮ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಯೂ ಮುಂದಿನ ಮಾರ್ಗದರ್ಶನವೂ ದೊರೆಯುತ್ತವೆ. ಶ್ರವಣಯಂತ್ರದಿಂದ ಸಾಲದಿದ್ದರೆ ಸಂಜ್ಞಾಭಾಷೆಯಿದೆ; ಅದರ ಸಂಶೋಧನೆ ಮತ್ತು ತರಬೇತಿಗೆಂದೇ 2015ರಲ್ಲಿ ದೆಹಲಿಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯೊಂದು ಸ್ಥಾಪನೆಯಾಗಿದೆ. ಆ ಭಾಷೆಯನ್ನು ಮಗುವೊಂದೇ ಕಲಿತರೆ ಸಾಲದು. ಅದರೊಡನೆ ದಿನ ಕಳೆಯುವ ತಾಯಿ, ತಂದೆ, ಅಜ್ಜ, ಅಜ್ಜಿಯರೂ ಕಲಿಯತಕ್ಕದ್ದು.